ಸೇನೆ ಬಿಟ್ಟುಹೋದ ನೆಲೆಗೆ ಉದ್ಯೋಗ ತರುವುದು ಯಾವುದು?

ಪ್ರಶ್ನೆ: ಮಗಳು ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಪೋರ್ಟ್ಸ್‌ಮತ್‌ನಲ್ಲಿದ್ದಾಳೆ. ಅವಳ ಆಫೀಸು ‘ಪೀಸ್’ ಎಂಬ ಹಳೆಯ ವಾಯುನೆಲೆಯೊಳಗೇ ಇದೆ. ಹೋದ ವರ್ಷ ನೋಡಿಬಂದೆವು. ಬಾಂಬರ್ ವಿಮಾನಗಳು ನಿಲ್ಲುತ್ತಿದ್ದ ಜಾಗವೆಂದರೆ ನಂಬಿಕೆಯೇ ಬರಲಿಲ್ಲ. ಇದು ಸಾಧ್ಯವಾದದ್ದು ಹೇಗೆ? ನೆಲೆ ಮುಚ್ಚಿದ ಊರುಗಳೆಲ್ಲ ಹೀಗೆ ಬೆಳೆಯುತ್ತವೆಯೇ? ಅಲ್ಲಿನ ನೀರು ಕೆಟ್ಟಿತ್ತೆಂದು ಯಾರೋ ಹೇಳಿದರು, ನಿಜವೇ?
– ನಿವೃತ್ತ ಉಪನ್ಯಾಸಕರು, ಮೈಸೂರು

ಉತ್ತರ: ಅಮೆರಿಕದ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದ ನಮ್ಮವರು ಅನೇಕರಿಗೆ ‘ನ್ಯಾಷನಲ್ ವೀಸಾ ಸೆಂಟರ್, ಪೋರ್ಟ್ಸ್‌ಮತ್’ ಎಂಬ ವಿಳಾಸ ಗೊತ್ತಿರುತ್ತದೆ. ಆ ಕಚೇರಿ ಇರುವುದೂ ಇದೇ ಪೀಸ್‌ನಲ್ಲಿ.

ಶೀತಲ ಸಮರದ ಕಾಲದ ಈ ನೆಲೆಯನ್ನು ಮುಚ್ಚಬೇಕೆಂದು 1988ರಲ್ಲಿ ತೀರ್ಮಾನವಾಯಿತು. 1991ರ ಮಾರ್ಚ್‌ನಲ್ಲಿ ಬೀಗ ಬಿತ್ತು. ಸಮಯವೂ ಕೆಟ್ಟದಾಗಿತ್ತು: ಅದೇ ವರ್ಷ ಆ ರಾಜ್ಯದ ದೊಡ್ಡ ಬ್ಯಾಂಕುಗಳೇ ಮುಳುಗಿದವು. ಆದರೆ ನೆಲೆ ಮುಚ್ಚುವ ಮೊದಲೇ, 1990ರಲ್ಲಿ, ರಾಜ್ಯ ಶಾಸನಸಭೆ ‘ಪೀಸ್ ಅಭಿವೃದ್ಧಿ ಪ್ರಾಧಿಕಾರ’ಕ್ಕೆ ದಾರಿ ಮಾಡಿತ್ತು. ನೆಲೆಯ ಜಮೀನು ಹಂಚಿಕೊಂಡಿದ್ದ ಪೋರ್ಟ್ಸ್‌ಮತ್ ಮತ್ತು ನ್ಯೂಯಿಂಗ್ಟನ್, ಎರಡೂ ಊರುಗಳಿಗೆ ಅದರ ಮಂಡಳಿಯಲ್ಲಿ ಜಾಗ ಸಿಕ್ಕಿತು. ಜಗಳ ಆಗಲೇ ಇಲ್ಲ ಎಂದಲ್ಲ. ಪರಿಸರ ಸಂಘಟನೆಯೊಂದು ಕೋರ್ಟಿಗೂ ಹೋಯಿತು.

ನನ್ನ ಪ್ರಕಾರ ಪೀಸ್ ಗೆದ್ದದ್ದು ಜಮೀನನ್ನು ತುಂಡು ಮಾಡಿ ಮಾರದೆ ಇದ್ದದ್ದರಿಂದ. ಪ್ರಾಧಿಕಾರ ಜಾಗವನ್ನು ದೀರ್ಘಾವಧಿ ಗುತ್ತಿಗೆಗೆ ಕೊಡುತ್ತದೆ. ಒಂದು ಕಂಪನಿ ಬಾಗಿಲು ಹಾಕಿದರೆ ಜಾಗ ಮತ್ತೆ ಪ್ರಾಧಿಕಾರದ ಕೈಗೇ ಬರುತ್ತದೆ. ವಿಮಾನ ನಿಲ್ದಾಣಕ್ಕೆಂದು ಸರ್ಕಾರ ಬಿಟ್ಟುಕೊಟ್ಟ ಜಮೀನಿನ ಆದಾಯವನ್ನು ನಿಲ್ದಾಣಕ್ಕೇ ಬಳಸಬೇಕೆಂಬ ನಿಯಮವಿರುವುದರಿಂದ, ಆಫೀಸುಗಳ ಬಾಡಿಗೆಯೇ ರನ್‌ವೇಯನ್ನು ಸಾಕುತ್ತದೆ. ರನ್‌ವೇ ಊರನ್ನು ಸಾಕುತ್ತದೆಂದು ಹೊರಗಿನವರು ಅಂದುಕೊಳ್ಳುತ್ತಾರೆ, ಲೆಕ್ಕ ತಿರುವುಮುರುವು! ರಾಜ್ಯದ ಮೀಸಲು ಪಡೆಯಾದ ನ್ಯಾಷನಲ್ ಗಾರ್ಡ್‌ನ ವಾಯುದಳ ಅಲ್ಲೇ ಉಳಿದುಕೊಂಡದ್ದೂ ಅನುಕೂಲವಾಯಿತು. ನಿಲ್ದಾಣದ ಅಗ್ನಿಶಾಮಕ ಸೇವೆ ಅವರದ್ದೇ. ಲೋನ್ಜಾದಂಥ ಔಷಧ ತಯಾರಿಕಾ ಕಂಪನಿ ದೊಡ್ಡ ಘಟಕ ಕಟ್ಟಿತು. ಈಗ ಅಲ್ಲಿ 10,000ಕ್ಕೂ ಹೆಚ್ಚು ಜನ ದುಡಿಯುತ್ತಾರೆ.

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ: ಇಲ್ಲ. ಪಕ್ಕದ ಮೇಯ್ನ್ ರಾಜ್ಯದ ಲೋರಿಂಗ್ ನೋಡಿ. ಅದೂ ಬಾಂಬರ್ ನೆಲೆಯೇ, ರನ್‌ವೇ 12,000 ಅಡಿಗೂ ಉದ್ದ, ಪೀಸ್‌ನದ್ದಕ್ಕಿಂತ ದೊಡ್ಡದು. 1994ರಲ್ಲಿ ಮುಚ್ಚಿತು. ಅಲ್ಲೂ ಪ್ರಾಧಿಕಾರ ರಚಿಸಿದರು, ಅಲ್ಲೂ ಶ್ರಮಪಟ್ಟರು. ಆದರೆ ಲೋರಿಂಗ್ ಇರುವುದು ಕೆನಡಾ ಗಡಿಯ ಬಳಿಯ ಆಲೂಗಡ್ಡೆ ಸೀಮೆಯಲ್ಲಿ. ಪೀಸ್‌ನ ಮಗ್ಗುಲಲ್ಲೇ ಹೆದ್ದಾರಿ, ಬಾಸ್ಟನ್ ಒಂದು ತಾಸಿನ ದಾರಿ, ಹತ್ತಿರದಲ್ಲೇ ವಿಶ್ವವಿದ್ಯಾಲಯ, ಮೇಲಾಗಿ ಸಂಬಳದ ಮೇಲೆ ರಾಜ್ಯದ ತೆರಿಗೆಯಿಲ್ಲ. ಲೋರಿಂಗ್‌ನಲ್ಲಿ ಗಟ್ಟಿಯಾಗಿ ನಿಂತ ಉದ್ಯೋಗಗಳಲ್ಲಿ ರಕ್ಷಣಾ ಇಲಾಖೆಯದೇ ಲೆಕ್ಕಪತ್ರ ಕಚೇರಿ ಮುಖ್ಯವಾದದ್ದು. 2005ರಲ್ಲಿ ಅದನ್ನೂ ಮುಚ್ಚುವ ಪ್ರಸ್ತಾವ ಬಂದು ಹೇಗೋ ತಪ್ಪಿತು. ಆ ದೊಡ್ಡ ರನ್‌ವೇ ಬಯಲಿನಲ್ಲಿ ಫಿಶ್ ಎಂಬ ರಾಕ್ ತಂಡ ಮೂರು ಸಲ ಸಂಗೀತೋತ್ಸವ ಮಾಡಿತು, ಹತ್ತಾರು ಸಾವಿರ ಜನ ಸೇರಿದರು, ಹಬ್ಬ ಮುಗಿಸಿ ಹೊರಟುಹೋದರು. ಸಂಸ್ಥೆ ಎಷ್ಟೇ ಚೆನ್ನಾಗಿರಲಿ, ನೆಲೆ ಇರುವ ಜಾಗವನ್ನು ಬದಲಿಸಲಾಗದು. ಬಾಂಬರ್ ನೆಲೆಗಳನ್ನು ಉತ್ತರದ ಅಂಚಿಗೆ ಕಟ್ಟಿದ್ದು ಸೋವಿಯತ್ ದೇಶಕ್ಕೆ ಹತ್ತಿರವಾಗಲೆಂದು, ಮಾರುಕಟ್ಟೆಗೆ ಹತ್ತಿರವಾಗಲೆಂದಲ್ಲ.

ನೀರಿನ ವಿಷಯ ನಿಜ. ವಾಯುಪಡೆ ಬಳಸುತ್ತಿದ್ದ ಬೆಂಕಿ ಆರಿಸುವ ನೊರೆಯಲ್ಲಿ ಪಿಎಫ್‌ಎಎಸ್ ಎಂಬ, ಸುಲಭಕ್ಕೆ ವಿಘಟನೆಯಾಗದೆ ಉಳಿದುಬಿಡುವ ರಾಸಾಯನಿಕಗಳಿದ್ದವು. ಅವು ಅಂತರ್ಜಲ ಸೇರಿದವು. 1990ರಲ್ಲೇ ಪೀಸ್ ರಾಷ್ಟ್ರೀಯ ಮಾಲಿನ್ಯ ಪಟ್ಟಿಯಲ್ಲಿತ್ತು. ಆದರೆ ಆಗ ಹುಡುಕುತ್ತಿದ್ದದ್ದು ಇಂಧನ, ದ್ರಾವಕಗಳಂಥವನ್ನು. 2014ರ ಮೇ ತಿಂಗಳಲ್ಲಿ ಹೇವನ್ ಎಂಬ ಬಾವಿಯ ನೀರಿನಲ್ಲಿ ಈ ರಾಸಾಯನಿಕ ಆಗಿನ ಸಲಹಾ ಮಿತಿಯ ಹತ್ತು ಪಟ್ಟಿಗೂ ಮೀರಿ ಕಂಡಾಗ ಬಾವಿಯನ್ನು ಮುಚ್ಚಿದರು. ಆವರಣದಲ್ಲಿ ಶಿಶುವಿಹಾರಗಳಿದ್ದವು, ಮಕ್ಕಳು ಅದೇ ನೀರು ಕುಡಿದಿದ್ದರು. ತಾಯಂದಿರು ಪಟ್ಟು ಹಿಡಿದ ಮೇಲೆ ರಕ್ತ ಪರೀಕ್ಷೆ ನಡೆಯಿತು. ನಂತರ ಇಂಗಾಲ ಮತ್ತು ರಾಳದ ಫಿಲ್ಟರುಗಳ ಶುದ್ಧೀಕರಣ ಘಟಕ ಬಂತು.

ಖರ್ಚು ಯಾರದು? ಸೇನಾ ಜಮೀನು ಹಸ್ತಾಂತರಿಸುವಾಗ, ಮುಂದೆ ತಮ್ಮ ಕಾಲದ ಮಾಲಿನ್ಯ ಕಂಡರೆ ತಾವೇ ಬಂದು ಶುದ್ಧಿ ಮಾಡುವೆವೆಂದು ಕ್ರಯಪತ್ರದಲ್ಲೇ ಬರೆದುಕೊಡಬೇಕೆಂಬುದು ಅಮೆರಿಕದ ಕಾನೂನು. ಪೀಸ್‌ನಲ್ಲಿ ಘಟಕದ ಖರ್ಚನ್ನು ವಾಯುಪಡೆ ಭರಿಸಿತು. ಮಗಳಿಗೆ ಹೇಳಿ: ಪೋರ್ಟ್ಸ್‌ಮತ್ ನಗರಾಡಳಿತ ಪ್ರತಿವರ್ಷ ನೀರಿನ ಗುಣಮಟ್ಟದ ವರದಿ ಪ್ರಕಟಿಸುತ್ತದೆ. ಅದರಲ್ಲಿ ಪೀಸ್ ವ್ಯವಸ್ಥೆಯ ಅಂಕಿಗಳನ್ನು ನೋಡಲಿ.