ಡಿಸ್ಕ್ ಇಲ್ಲದ ಕಂಪ್ಯೂಟರ್ ನೆಟ್‌ವರ್ಕ್ ಮೂಲಕ ಬೂಟ್ ಆಗದಿದ್ದರೆ ಮೊದಲು ಏನನ್ನು ನೋಡಬೇಕು?

ಮಡಿಕೇರಿಯ ನಿಮ್ಮ ಶಾಲೆಯ ಪ್ರಯೋಗಾಲಯದಲ್ಲಿ, ಮಳೆಗೆ ಕರೆಂಟ್ ಹೋಗಿ ಬಂದ ಮೇಲೆ, ಹಾರ್ಡ್ ಡಿಸ್ಕ್ ಇಲ್ಲದ ಕಂಪ್ಯೂಟರ್‌ಗಳೆಲ್ಲ ‘ಪಿಎಕ್ಸ್‌ಇ-ಇ32’ ಎಂಬ ನೆಟ್‌ವರ್ಕ್ ಬೂಟ್ ದೋಷದ ಸಂದೇಶ ತೋರಿಸಿ ನಿಂತುಬಿಡುತ್ತವೆ ಎಂದು ಕೇಳಿದ್ದೀರಿ. ಕಂಪ್ಯೂಟರ್‌ಗಳಿಗೆ ವಿಳಾಸ ಹಂಚಿ, ಬೂಟ್ ಸರ್ವರಿನ ವಿಳಾಸವನ್ನೂ ತಿಳಿಸುವ ಡಿಎಚ್‌ಸಿಪಿ ಸೇವೆಯಿಂದ ಐಪಿ ವಿಳಾಸ ಸಿಕ್ಕಿದೆ, ಆದರೆ ಕಂಪ್ಯೂಟರ್ ಚಾಲೂ ಆಗಲು ಬೇಕಾದ ಬೂಟ್ ಕಡತವನ್ನು ಕೊಡಬೇಕಾದ ಟಿಎಫ್‌ಟಿಪಿ (ಸರಳ ಕಡತ ವರ್ಗಾವಣೆ) ಸರ್ವರ್ ಉತ್ತರಿಸುತ್ತಿಲ್ಲ ಎಂಬುದೇ ಈ ಸಂದೇಶದ ಅರ್ಥ; ವಿಳಾಸವೇ ಸಿಗದಿದ್ದರೆ ಇ51 ಬರುತ್ತಿತ್ತು. ಆದ್ದರಿಂದ ಒಂದೊಂದೇ ಕೇಬಲ್ ಬದಲಿಸುತ್ತ ಕೂರುವ ಬದಲು, ಸರ್ವರ್ ಮತ್ತೆ ಚಾಲೂ ಆದಾಗ ಟಿಎಫ್‌ಟಿಪಿ ಸೇವೆಯೂ ತಾನಾಗಿ ಶುರುವಾಗಿದೆಯೇ, ಫೈರ್‌ವಾಲ್ ಟಿಎಫ್‌ಟಿಪಿ ಬಳಸುವ ಯುಡಿಪಿ 69ನೇ ಪೋರ್ಟನ್ನು ತಡೆಯುತ್ತಿದೆಯೇ ಎಂದು ಪರೀಕ್ಷಿಸಿ. ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಮೊದಲು ಶಂಕಿಸಬೇಕಾದದ್ದು ಸರ್ವರಿನ ಐಪಿ ವಿಳಾಸವನ್ನು: ಅದನ್ನು ಸ್ಥಿರವಾಗಿ ನಿಗದಿಪಡಿಸದಿದ್ದರೆ ಮರುಚಾಲನೆಯಲ್ಲಿ ಬದಲಾಗಿರಬಹುದು, ಆಗ ಡಿಎಚ್‌ಸಿಪಿ ಹಳೆಯ ವಿಳಾಸವನ್ನೇ ಹೇಳುತ್ತಿರುತ್ತದೆ. ಬೇರೊಂದು ಕಂಪ್ಯೂಟರಿನಿಂದ, ಡಿಎಚ್‌ಸಿಪಿ ಹೇಳುವ ಅದೇ ವಿಳಾಸದ ಬೂಟ್ ಕಡತವನ್ನು ಟಿಎಫ್‌ಟಿಪಿ ಮೂಲಕ ಇಳಿಸಿಕೊಂಡು ನೋಡಿ. ಅಲ್ಲೂ ಸಿಗದಿದ್ದರೆ ತೊಂದರೆ ಇರುವುದು ಬಹುಮಟ್ಟಿಗೆ ಸರ್ವರಿನ ಕಡೆಯಲ್ಲೇ.