ಮೂರು ಸೆಕ್ಷನ್‌ಗಳ ಅಂಕ ಒಟ್ಟು ಸೇರಿಸಿದರೆ ವ್ಯಾಪ್ತಿ ಎಷ್ಟಾಗುತ್ತದೆ?

ನಿಮ್ಮ ಪ್ರಶ್ನೆ ಇದು: 100 ಅಂಕಗಳ ಒಂದು ಟೆಸ್ಟ್, ಅದನ್ನು ಬರೆದ ಮಕ್ಕಳ ಮೂರು ಸೆಕ್ಷನ್. ಅಂಕಗಳ ವ್ಯಾಪ್ತಿ (ಗರಿಷ್ಠ ಅಂಕದಿಂದ ಕನಿಷ್ಠ ಅಂಕ ಕಳೆದದ್ದು) ಕ್ರಮವಾಗಿ 20, 35, 28. ಎಲ್ಲರನ್ನೂ ಒಂದೇ ಪಟ್ಟಿಗೆ ಸೇರಿಸಿದರೆ ವ್ಯಾಪ್ತಿ 83 ಆಗುತ್ತದೋ, ಇಲ್ಲ ಸರಾಸರಿ ತೆಗೆದು 27.67 ಅನ್ನಬೇಕೋ?

ಎರಡೂ ಅಲ್ಲ. ಅದರಲ್ಲೂ 27.67 ಅಂತೂ ಸಾಧ್ಯವೇ ಇಲ್ಲ. ಎರಡನೇ ಸೆಕ್ಷನ್‌ನಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ 35 ಅಂಕಗಳ ಅಂತರ ಈಗಾಗಲೇ ಇದೆ. ಬೇರೆಯವರು ಬಂದು ಸೇರಿಕೊಂಡರೆ ಆ ಇಬ್ಬರು ಹತ್ತಿರ ಬಂದುಬಿಡುತ್ತಾರಾ? ಇಲ್ಲ ಅಲ್ವಾ. ಹಾಗಾಗಿ ಒಟ್ಟು ವ್ಯಾಪ್ತಿ 35ಕ್ಕಿಂತ ಕಡಿಮೆ ಆಗಲಾರದು. ಜನ ಸೇರಿದಷ್ಟೂ ವ್ಯಾಪ್ತಿ ಇದ್ದಷ್ಟೇ ಇರುತ್ತದೆ, ಇಲ್ಲ ಹಿಗ್ಗುತ್ತದೆ. ಕುಗ್ಗುವುದಿಲ್ಲ.

ಎಷ್ಟು ಹಿಗ್ಗುತ್ತದೆ ಅನ್ನುವುದು ಬರೀ 20, 35, 28 ನೋಡಿದರೆ ಗೊತ್ತಾಗುವುದಿಲ್ಲ. ಗರಿಷ್ಠದಿಂದ ಕನಿಷ್ಠವನ್ನು ಕಳೆದ ಕೂಡಲೇ ಆ ಎರಡು ಅಂಕ ಎಲ್ಲಿದ್ದವು ಅನ್ನುವುದು ಅಳಿಸಿಹೋಗುತ್ತದೆ. 80ರಿಂದ 100ರವರೆಗೆ ಇದ್ದರೂ 20, 5ರಿಂದ 25ರವರೆಗೆ ಇದ್ದರೂ 20.

ಸಂಖ್ಯೆ ಇಟ್ಟೇ ನೋಡೋಣ. ಮೊದಲ ಸೆಕ್ಷನ್ 62ರಿಂದ 82, ಎರಡನೆಯದು 45ರಿಂದ 80, ಮೂರನೆಯದು 60ರಿಂದ 88 ಅಂತ ಇಟ್ಟುಕೊಳ್ಳಿ. ಎಲ್ಲರಲ್ಲಿ ಕಡಿಮೆ 45, ಎಲ್ಲರಲ್ಲಿ ಜಾಸ್ತಿ 88. ಒಟ್ಟು ವ್ಯಾಪ್ತಿ 43. ಈಗ ಅದೇ ಮೂರು ವ್ಯಾಪ್ತಿಗಳನ್ನು ಬೇರೆ ಕಡೆ ಸರಿಸಿ: 80ರಿಂದ 100, 5ರಿಂದ 40, 50ರಿಂದ 78. ಒಟ್ಟು ವ್ಯಾಪ್ತಿ 95! ನಿಮ್ಮ 83ನ್ನೂ ದಾಟಿತು. ಯಾಕೆಂದರೆ 40ಕ್ಕೂ 50ಕ್ಕೂ ನಡುವೆ 10, 78ಕ್ಕೂ 80ಕ್ಕೂ ನಡುವೆ 2 ಖಾಲಿ ಜಾಗ ಇದೆ. 83ಕ್ಕೆ ಆ 12 ಸೇರಿ 95.

ಅಂದರೆ ಉತ್ತರ 35ರಿಂದ 100ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಪ್ರತಿ ಸೆಕ್ಷನ್‌ನ ಸರಾಸರಿ ಗೊತ್ತಿದ್ದರೆ ಸ್ವಲ್ಪ ಬಿಗಿ ಮಾಡಬಹುದು. ಸರಾಸರಿ ಯಾವಾಗಲೂ ಕನಿಷ್ಠ ಮತ್ತು ಗರಿಷ್ಠದ ನಡುವೆಯೇ ಇರುತ್ತದಲ್ಲ, ಹಾಗಾಗಿ ಯಾರೂ ಸರಾಸರಿಯಿಂದ ವ್ಯಾಪ್ತಿಗಿಂತ ದೂರ ಹೋಗಿರಲು ಸಾಧ್ಯವಿಲ್ಲ. ಸರಾಸರಿಗಳು 70, 62, 75 ಎಂದಾದರೆ ಕನಿಷ್ಠ ಅಂಕ 62 − 35, ಅಂದರೆ 27ಕ್ಕಿಂತ ಕೆಳಗೆ ಇಳಿಯದು. ಮೇಲಿನ ಮಿತಿ ಹೇಗೂ 100. ಒಟ್ಟು ವ್ಯಾಪ್ತಿ 73 ಮೀರುವುದಿಲ್ಲ. ಆದರೆ ಅಂಕಪಟ್ಟಿಯೇ ಕೈಯಲ್ಲಿದ್ದರೆ ಈ ಕಸರತ್ತು ಯಾಕೆ? ಮೂರು ಕನಿಷ್ಠಗಳಲ್ಲಿ ಅತಿ ಚಿಕ್ಕದು, ಮೂರು ಗರಿಷ್ಠಗಳಲ್ಲಿ ಅತಿ ದೊಡ್ಡದು ತಗೊಂಡು ಕಳೆದುಬಿಡಿ.

ಒಂದು ಅನುಮಾನ ಮಾತ್ರ ಉಳಿಯಿತು. ನೀವು "ಸೇರಿಸುವುದು" ಅಂದಿದ್ದು ಪಟ್ಟಿಗಳನ್ನು ಸೇರಿಸುವುದೇ ತಾನೆ? ಅದೇ ಮಕ್ಕಳು ಮೂರು ಟೆಸ್ಟ್ ಬರೆದು, ಒಬ್ಬೊಬ್ಬರ ಮೂರೂ ಅಂಕಗಳನ್ನು ಕೂಡುವುದಾದರೆ ಲೆಕ್ಕವೇ ಬೇರೆ. ಆಗ 83 ಅನ್ನುವುದು ಮೇಲಿನ ಮಿತಿ. ಒಬ್ಬರೇ ಮೂರರಲ್ಲೂ ಮೊದಲು, ಇನ್ನೊಬ್ಬರು ಮೂರರಲ್ಲೂ ಕೊನೆ ಬಂದಿದ್ದರೆ ಮಾತ್ರ ಅಲ್ಲಿಗೆ ಮುಟ್ಟುತ್ತದೆ. ಕೂಡುವ ಬದಲು ಒಬ್ಬೊಬ್ಬರ ಸರಾಸರಿ ತೆಗೆದರೆ ಮಿತಿ 27.67. ನೋಡಿ, ನಿಮ್ಮ ಎರಡೂ ಸಂಖ್ಯೆಗಳು ಸುಮ್ನೆ ಬಂದಿದ್ದಲ್ಲ, ಬೇರೆ ಪ್ರಶ್ನೆಯ ಮನೆಗೆ ಸೇರಿದವು! ಇಲ್ಲಿ ವ್ಯಾಪ್ತಿ ಕುಗ್ಗಲೂಬಹುದು. ಇಬ್ಬರೇ ಇದ್ದು, ಒಬ್ಬರಿಗೆ 40 ಮತ್ತು 60, ಇನ್ನೊಬ್ಬರಿಗೆ 60 ಮತ್ತು 40 ಬಂದರೆ ಎರಡೂ ಟೆಸ್ಟ್‌ಗಳ ವ್ಯಾಪ್ತಿ 20, ಒಟ್ಟು ಅಂಕದ ವ್ಯಾಪ್ತಿ ಸೊನ್ನೆ.

ಇನ್ನೊಂದು ಮಾತು. ಸೇರಿಸಿದ ಪಟ್ಟಿಯ ವ್ಯಾಪ್ತಿಯನ್ನು ಒಂದು ಸೆಕ್ಷನ್‌ನ ವ್ಯಾಪ್ತಿಯ ಪಕ್ಕ ಇಟ್ಟು "ಅಂತರ ಜಾಸ್ತಿಯಾಯಿತು" ಅನ್ನಬೇಡಿ. ತಲೆ ಹೆಚ್ಚಿದರೆ ವ್ಯಾಪ್ತಿ ಸಾಮಾನ್ಯವಾಗಿ ತಾನಾಗಿ ಹೆಚ್ಚುತ್ತದೆ. ಅಂಕಗಳು ಗಂಟೆಯಾಕಾರದ ಹಂಚಿಕೆಯಲ್ಲಿದ್ದು (ನಡುವೆ ಹೆಚ್ಚು ಜನ, ಎರಡೂ ತುದಿಗಳಲ್ಲಿ ಕಡಿಮೆ) ಮಾನಕ ವಿಚಲನೆ (ಅಂಕಗಳು ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ದೂರ ಹರಡಿವೆ ಅನ್ನುವ ಅಳತೆ) 10 ಇದ್ದರೆ, 10 ಜನರ ಗುಂಪಿನಲ್ಲಿ ವ್ಯಾಪ್ತಿ ಸರಾಸರಿ 31ರಷ್ಟು ಬರುತ್ತದೆ, 100 ಜನರಲ್ಲಿ 50ರಷ್ಟು. ಮಕ್ಕಳು ಬದಲಾಗಿಲ್ಲ, ಎಣಿಕೆ ಮಾತ್ರ ಬದಲಾಯಿತು. ಹೋಲಿಕೆಗೆ ಮಾನಕ ವಿಚಲನೆಯೇ ವಾಸಿ.

ನಾನು ಎಡವಿದ್ದು ಇನ್ನೂ ಸಣ್ಣ ಕಲ್ಲಿಗೆ. ಮೂರು ಪಟ್ಟಿ ಸೇರಿಸಿ ಎಕ್ಸೆಲ್‌ನಲ್ಲಿ ಮ್ಯಾಕ್ಸ್‌ನಿಂದ ಮಿನ್ ಕಳೆದೆ, 91 ಬಂತು. ಬೇರೆ ಬೇರೆ ನೋಡಿದಾಗ ಎಲ್ಲೂ 40 ದಾಟಿರಲಿಲ್ಲ. ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಸಿಕ್ಕಿತು: ಗೈರುಹಾಜರಾದ ಒಬ್ಬ ಹುಡುಗನ ಹೆಸರಿನ ಮುಂದೆ ಪಟ್ಟಿ ಸೇರಿಸುವಾಗ 0 ಬಿದ್ದಿತ್ತು. ಖಾಲಿ ಬಿಟ್ಟಿದ್ದರೆ ಎಕ್ಸೆಲ್ ಅದನ್ನು ಎಣಿಸುತ್ತಿರಲಿಲ್ಲ. 0 ಇದ್ದರೆ ಅದೂ ಒಂದು ಅಂಕ. ಹಾಗೇ ಒಂದು ಸೆಕ್ಷನ್‌ಗೆ 50ಕ್ಕೆ, ಇನ್ನೊಂದಕ್ಕೆ 100ಕ್ಕೆ ಟೆಸ್ಟ್ ಕೊಟ್ಟಿದ್ದರೆ ಮೊದಲು ಶೇಕಡಾಕ್ಕೆ ಬದಲಾಯಿಸಿ.

ಮೂರು ಸೆಕ್ಷನ್‌ಗಳ ಕನಿಷ್ಠ, ಗರಿಷ್ಠ ಹಾಕಿ. ಆರೇ ಸಂಖ್ಯೆ ಸಾಕು, ಉತ್ತರ ಒಂದೇ ಸಾಲಿನಲ್ಲಿ ಮುಗಿಯುತ್ತದೆ.