ಟೂಟ್ಸ್ ಅಂಡ್ ದಿ ಮೇಟಲ್ಸ್: ಸಂಕಲನದಿಂದಲೇ ಆರಂಭಿಸಬಹುದೇ?

ಬಾಬ್ ಮಾರ್ಲಿಯನ್ನು ಬಿಟ್ಟರೆ ಜಮೈಕಾದ ಬೇರೆ ಯಾರ ಹಾಡುಗಳನ್ನೂ ಕೇಳಿಲ್ಲವೆಂದು ಬರೆದಿದ್ದೀರಿ. ಟೂಟ್ಸ್ ಅಂಡ್ ದಿ ಮೇಟಲ್ಸ್ ತಂಡದ ಜನಪ್ರಿಯ ಹಾಡುಗಳ ಒಂದು ಸಂಕಲನ ಸಾಕೇ, ಇಲ್ಲವೇ ಆಲ್ಬಮ್‌ಗಳನ್ನೇ ಒಂದೊಂದಾಗಿ ಕೇಳಬೇಕೇ ಎಂಬುದು ನಿಮ್ಮ ಪ್ರಶ್ನೆ. ಈ ತಂಡದ ಮಟ್ಟಿಗೆ ಸಂಕಲನದಿಂದ ಆರಂಭಿಸುವುದೇ ಸರಿಯಾದ ದಾರಿ ಎಂದು ನಾನು ನಂಬಿದ್ದೇನೆ. ಆದರೆ ಸಿಕ್ಕಸಿಕ್ಕ ಸಂಕಲನವನ್ನು ಕೊಳ್ಳಬೇಡಿ.

1960ರ ದಶಕದ ಜಮೈಕಾದಲ್ಲಿ ಹಾಡು ಹುಟ್ಟುತ್ತಿದ್ದದ್ದು ಆಲ್ಬಮ್ಮಿಗಾಗಿ ಅಲ್ಲ. ಏಳು ಇಂಚಿನ ತಟ್ಟೆಯ ಒಂದೊಂದು ಬದಿಗೆ ಒಂದೊಂದು ಹಾಡನ್ನು ಮುದ್ರಿಸಿ, ಕಿಂಗ್‌ಸ್ಟನ್ನಿನ ಬಯಲುಗಳಲ್ಲಿ ದೊಡ್ಡ ದೊಡ್ಡ ಸ್ಪೀಕರುಗಳನ್ನು ನಿಲ್ಲಿಸಿ ನಡೆಸುತ್ತಿದ್ದ ಸೌಂಡ್ ಸಿಸ್ಟಮ್ ಕುಣಿತಗಳಲ್ಲಿ ಅದನ್ನು ಹಾಕುತ್ತಿದ್ದರು. ಜನ ಎದ್ದು ಕುಣಿದರೆ ಹಾಡು ಗೆದ್ದಂತೆ. ಹಲವು ಹಾಡುಗಳು ಹಿಡಿಯುವ ದೊಡ್ಡ ತಟ್ಟೆಗಳಾದ ಎಲ್‌ಪಿಗಳು ಬಹುಮಟ್ಟಿಗೆ ಹೀಗೆ ಗೆದ್ದ ಹಾಡುಗಳನ್ನು ಆಮೇಲೆ ಒಟ್ಟುಗೂಡಿಸಿದಂಥವು. ಆದ್ದರಿಂದ ಇಲ್ಲಿ ಸಂಕಲನವೆಂದರೆ ಮೂಲ ಕೃತಿಯನ್ನು ಕತ್ತರಿಸಿ ಮಾಡಿದ ಸಂಕ್ಷೇಪವಲ್ಲ, ಆ ಹಾಡುಗಳ ಸಹಜ ರೂಪಕ್ಕೆ ಹತ್ತಿರವಾದದ್ದೇ ಅದು.

ತೊಡಕಿರುವುದು ಹಕ್ಕುಗಳಲ್ಲಿ. ಟೂಟ್ಸ್ ಹಿಬರ್ಟ್, ರ‍್ಯಾಲಿ ಗಾರ್ಡನ್ ಮತ್ತು ಜೆರಿ ಮಥಾಯಸ್ ಎಂಬ ಈ ಮೂವರು ಗಾಯಕರು ಮೊದಲು ಸ್ಟುಡಿಯೋ ಒನ್‌ನ ನಿರ್ಮಾಪಕ ಕಾಕ್ಸನ್ ಡಾಡ್ ಬಳಿ, ಬಳಿಕ ಪ್ರಿನ್ಸ್ ಬಸ್ಟರ್ ಮತ್ತು ಬೈರನ್ ಲೀ ಬಳಿ, 1968ರಿಂದ ಲೆಸ್ಲಿ ಕಾಂಗ್ ಬಳಿ ಹಾಡಿದರು. ಒಬ್ಬೊಬ್ಬ ನಿರ್ಮಾಪಕನ ಧ್ವನಿಮುದ್ರಣ ಒಬ್ಬೊಬ್ಬರ ಕೈಯಲ್ಲಿ ಉಳಿಯಿತು. ನಾನು ಮೊದಲು ಕೊಂಡ ಸಂಕಲನದಲ್ಲಿ ಸ್ಕಾ, ಅಂದರೆ ರೆಗೇಗೂ ಮುಂಚಿನ ವೇಗದ ಕುಣಿತದ ಶೈಲಿಯ ಹಾಡು, ಒಂದೂ ಇರಲಿಲ್ಲ. ತಂಡ ಹುಟ್ಟಿದ್ದೇ 1968ರಲ್ಲಿ ಎಂದು ಎಷ್ಟೋ ಕಾಲ ನಂಬಿಕೊಂಡಿದ್ದೆ. ಹಾಗಾಗಿ ಹಾಡುಗಳ ಪಟ್ಟಿಯಲ್ಲಿ ‘ಸಿಕ್ಸ್ ಅಂಡ್ ಸೆವೆನ್ ಬುಕ್ಸ್ ಆಫ್ ಮೋಸೆಸ್’ ಮತ್ತು ‘ಬ್ಯಾಮ್ ಬ್ಯಾಮ್’ ಇವೆಯೇ ಎಂದು ಮೊದಲು ನೋಡಿ. ಎರಡನೆಯದು ಜಮೈಕಾದ ಸ್ವಾತಂತ್ರ್ಯೋತ್ಸವದ ಗೀತಸ್ಪರ್ಧೆಯಲ್ಲಿ 1966ರಲ್ಲಿ ಗೆದ್ದ ಹಾಡು. ಸಿಸ್ಟರ್ ನ್ಯಾನ್ಸಿ 1982ರಲ್ಲಿ ಹಾಡಿದ ಅದೇ ಹೆಸರಿನ ಹಾಡಿನ ಪಲ್ಲವಿಗೆ ಮೂಲ ಇದೇ. ಟ್ರೋಜನ್ ಎಂಬ ಧ್ವನಿಮುದ್ರಿಕೆ ಸಂಸ್ಥೆಯ ‘54-46 ವಾಸ್ ಮೈ ನಂಬರ್’ ಎಂಬ ಎರಡು ಸಿ.ಡಿ.ಗಳ ಸಂಕಲನ, ತನ್ನ ಉಪಶೀರ್ಷಿಕೆಯಲ್ಲೇ ಹೇಳಿಕೊಂಡಿರುವಂತೆ, 1964ರಿಂದ 2000ದವರೆಗಿನ ಕಾಲವನ್ನು ವ್ಯಾಪಿಸಿದೆ. ನನ್ನ ಶಿಫಾರಸು ಅದು.

ಕೇಳುವಾಗ ಹಾಡುಗಳನ್ನು ಕಾಲಕ್ರಮದಲ್ಲೇ ಕೇಳಿ. ಕೈಯಲ್ಲಿ ಒಂದು, ಎರಡು, ಮೂರು, ನಾಲ್ಕು ಎಂದು ತಾಳ ಹಾಕಿಕೊಳ್ಳಿ. ಸ್ಕಾ ಹಾಡುಗಳಲ್ಲಿ ಗಿಟಾರಿನ ಮೊಟಕು ಮೀಟು ನಿಮ್ಮ ತಟ್ಟಿನ ಮೇಲೆ ಬೀಳದೆ ಎರಡು ತಟ್ಟುಗಳ ನಡುವಿನ ಜಾಗದಲ್ಲಿ ಬೀಳುತ್ತದೆ. ವೇಗ ಹೆಚ್ಚು, ಟ್ರಂಪೆಟ್, ಸ್ಯಾಕ್ಸೋಫೋನುಗಳ ಅಬ್ಬರವೂ ಹೆಚ್ಚು. ಸುಮಾರು 1966ರಿಂದ ನಡೆ ನಿಧಾನವಾಗಿ ರಾಕ್‌ಸ್ಟೆಡಿ ಎನಿಸಿಕೊಂಡಿತು. 1968ರ ಹೊತ್ತಿಗೆ ಆರ್ಗನ್ನಿನ ಕುದಿತ ಸೇರಿ, ಬೇಸ್ ಗಿಟಾರ್ ನಡುನಡುವೆ ಬಿಡುವು ಕೊಡುತ್ತ ಹಾಡನ್ನು ಮುನ್ನಡೆಸತೊಡಗಿತು. ಆ ವರ್ಷದ ‘ಡೂ ದ ರೆಗೇ’ ಹಾಡಿನಿಂದಲೇ ಈ ಸಂಗೀತಕ್ಕೆ ಇಂದಿನ ಹೆಸರು ನಿಂತಿತೆನ್ನುತ್ತಾರೆ. ಹಾಡುವ ಕಂಠಗಳು ಅವೇ ಮೂರು, ಅವುಗಳ ಕೆಳಗಿನ ನೆಲ ಮಾತ್ರ ಬದಲಾಗುತ್ತ ಹೋಗುವುದನ್ನು ಒಂದೇ ಕೂರಿಕೆಯಲ್ಲಿ ಕೇಳಬಹುದಾದ್ದರಿಂದಲೇ ನಾನು ಸಂಕಲನದ ಪರವಾಗಿದ್ದೇನೆ.

ಒಂದು ಹಾಡನ್ನಂತೂ ಇಯರ್‌ಫೋನ್ ಹಾಕಿಕೊಂಡು ಕೇಳಿ. ಗಾಂಜಾ ಆರೋಪದ ಮೇಲೆ 1966ರಲ್ಲಿ ಜೈಲು ಸೇರಿದ ಟೂಟ್ಸ್, ಹೊರಬಂದ ಮೇಲೆ ಹಾಡಿದ್ದು ‘54-46’. ಶೀರ್ಷಿಕೆಯಲ್ಲಿರುವುದು ಕೈದಿಯ ಸಂಖ್ಯೆ. ತಾನು ನಿರಪರಾಧಿ ಎಂಬ ಮಾತು ಹಾಡಿನಲ್ಲಿ ನೇರವಾಗಿಯೇ ಇದೆ. ನಡುವೆ ಒಂದು ಕಡೆ ಅವರು ಒಂದು ಸಲ ಕೊಡಿ ಎನ್ನುತ್ತಾರೆ, ಒಂದು ಹೂಂಕಾರ ಬೀಳುತ್ತದೆ. ಎರಡು ಸಲ ಎಂದರೆ ಎರಡು, ಮೂರು ಎಂದರೆ ಮೂರು, ನಾಲ್ಕು ಎಂದರೆ ನಾಲ್ಕು. ಚರ್ಚಿನಲ್ಲಿ ಹಾಡಿ ಬೆಳೆದ ಆ ಕಂಠ ಸಭೆಯನ್ನು ಕೂಗಿ ಕರೆದು ಉತ್ತರ ಪಡೆಯುವ ಕ್ರಮವನ್ನು ಜೈಲಿನ ಕಥೆಯೊಳಕ್ಕೆ ತಂದಿದೆ. ಎಷ್ಟು ಸಲ ಕೇಳಿದರೂ ಆ ನಾಲ್ಕನೆಯ ಎಣಿಕೆಗೆ ನನ್ನ ಮೈ ಜುಮ್ಮೆನ್ನುತ್ತದೆ.

‘ಪ್ರೆಶರ್ ಡ್ರಾಪ್’ ಮತ್ತು ‘ಮಂಕಿ ಮ್ಯಾನ್’ ಎಲ್ಲ ಸಂಕಲನಗಳಲ್ಲೂ ಸಿಗುತ್ತವೆನ್ನಬಹುದು. 1979ರಲ್ಲಿ ಇಂಗ್ಲೆಂಡಿನ ಕ್ಲ್ಯಾಶ್ ತಂಡ ಮೊದಲನೆಯದನ್ನೂ ಸ್ಪೆಷಲ್ಸ್ ತಂಡ ಎರಡನೆಯದನ್ನೂ ಮತ್ತೆ ಹಾಡಿದವು. ಮೂಲವನ್ನು ಕೇಳಿದ ಮೇಲೆ ಅವನ್ನೂ ಕೇಳಿ.

ಇಷ್ಟಾದ ಮೇಲೆ ಆಲ್ಬಮ್ ಬೇಕೆನಿಸಿದರೆ ‘ಫಂಕಿ ಕಿಂಗ್‌ಸ್ಟನ್’ ಕೊಳ್ಳಿ. ಆದರೆ ಅದರಲ್ಲೂ ಎರಡಿವೆ: 1973ರದ್ದು ಮತ್ತು ಅಮೆರಿಕಕ್ಕಾಗಿ 1975ರಲ್ಲಿ ಬೇರೆ ಹಾಡುಗಳನ್ನು ಸೇರಿಸಿ ಹೊರತಂದದ್ದು. ‘ಕಂಟ್ರಿ ರೋಡ್ಸ್’ ಹಾಡಿನ ವೆಸ್ಟ್ ವರ್ಜೀನಿಯಾವನ್ನು ಟೂಟ್ಸ್ ವೆಸ್ಟ್ ಜಮೈಕಾ ಮಾಡಿಕೊಂಡು ಹಾಡಿರುವುದು ಎರಡನೆಯದರಲ್ಲಿ ಮಾತ್ರ ಇದೆ. ಕೊಳ್ಳುವ ಮುನ್ನ ಇಸವಿ ನೋಡಿಕೊಳ್ಳಿ.